ಬೆಂಗಳೂರನ್ನು ಬೇರೆ ಊರುಗಳಿಂದ ಬೇರೆ ಮಾಡಿದ್ದು ಯಾವುದು? ನೀರಿನ ಜಾಡು ಹಿಡಿದು ದಾಖಲಿಸುವ ಯೋಜನೆ, ಸಲಹೆ ಕೊಡಿ

ಏರಿಮೇಲಿನವ (ಚರ್ಚೆ ಆರಂಭಿಸಿದವರು)

ಗೆಳೆಯರೇ, ನಮ್ಮ ಬಡಾವಣೆಯ ಕೆಲವರು ಸೇರಿ ಬೆಂಗಳೂರಿನ ಬಗ್ಗೆ ಒಂದು ದಾಖಲೀಕರಣಕ್ಕೆ ಕೈ ಹಾಕಿದ್ದೇವೆ. ಬರಹ, ಧ್ವನಿ, ಛಾಯಾಚಿತ್ರ, ವಿಡಿಯೊ, ನಕ್ಷೆ ಎಲ್ಲವೂ ಇರಬೇಕು, ಕನ್ನಡದಲ್ಲಿರಬೇಕು, ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿರಬೇಕು. ನಮ್ಮೆದುರಿನ ಪ್ರಶ್ನೆ ಒಂದೇ: ಈ ಊರನ್ನು ಬೇರೆ ಮಹಾನಗರಗಳಿಂದ ಬೇರೆ ಮಾಡಿರುವುದು ಯಾವುದು?

ಮೊದಲ ಸಭೆಯಲ್ಲಿ ವಿಧಾನಸೌಧ, ಲಾಲ್‌ಬಾಗ್, ಮಸಾಲೆ ದೋಸೆ, ಐಟಿ, ತಂಪು ಹವೆ ಎಂಬ ಪಟ್ಟಿ ಬಂದಿತು. ಪ್ರವಾಸಿ ಕರಪತ್ರಗಳು ಆ ಕೆಲಸವನ್ನು ಎಂದೋ ಮಾಡಿ ಮುಗಿಸಿವೆ. ನಾನು ಮುಂದಿಟ್ಟದ್ದು ನೀರನ್ನು.

ದೆಹಲಿಗೆ ಯಮುನೆ ಇದೆ, ಕೋಲ್ಕತ್ತಕ್ಕೆ ಹೂಗ್ಲಿ ಇದೆ, ಹೈದರಾಬಾದಿಗೆ ಮೂಸಿ ಇದೆ, ಮುಂಬೈ ಮತ್ತು ಚೆನ್ನೈ ಕಡಲಿಗೆ ಮುಖ ಮಾಡಿ ಬೆಳೆದವು. ಬೆಂಗಳೂರು ಕುಳಿತಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ. ಇಲ್ಲಿ ಬಿದ್ದ ಮಳೆ ಎರಡು ಪಾಲಾಗುತ್ತದೆ. ಪಶ್ಚಿಮದ ಪಾಲು ವೃಷಭಾವತಿಯ ಮೂಲಕ ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಪೂರ್ವದ ಪಾಲು ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಊರಿನ ಪಾಲಿಗೆ ಏನೂ ಉಳಿಯುವುದಿಲ್ಲ. ಹೀಗೆ ಜಾರಿ ಹೋಗುವ ನೀರನ್ನು ಹಿಡಿದಿಡಲೆಂದೇ ಹಿಂದಿನವರು ಏರಿ ಕಟ್ಟಿ, ನೀರು ಬಿಡಲು ತೂಬು ಇಟ್ಟು, ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುವಂತೆ ಕಾಲುವೆ ತೆಗೆದರು. ಇಂದು ನಾವು ರಾಜಕಾಲುವೆ ಎಂದು ಕರೆಯುವುದು ಇವನ್ನೇ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ನೌಕರರು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದದ್ದು ಎಲ್ಲರಿಗೂ ನೆನಪಿದೆ. ಎರಡೇ ವರ್ಷ ಕಳೆಯುವಷ್ಟರಲ್ಲಿ, 2024ರ ಮಾರ್ಚಿನಲ್ಲಿ, ಅದೇ ಭಾಗದವರು ಟ್ಯಾಂಕರಿಗಾಗಿ ಕಾದು ನಿಂತರು. ಈ ಎರಡು ಘಟನೆಗಳಿಗೂ ಕಾರಣ ಆ ದಿಣ್ಣೆ ಮತ್ತು ಆ ಕಾಲುವೆಗಳಲ್ಲಿಯೇ ಇದೆ ಎಂಬುದು ನನ್ನ ನಂಬಿಕೆ.

ಎಲ್ಲಿಂದ ಆರಂಭಿಸಬೇಕು? ಏನನ್ನು ಬರೆಯಬೇಕು, ಏನನ್ನು ಧ್ವನಿಮುದ್ರಿಸಿಕೊಳ್ಳಬೇಕು? ಅನುಭವ ಇರುವವರು ಹೇಳಿ.

ಮಾಟುಂಗದ ಕನ್ನಡಿಗ

ವಿಷಯ ಚೆನ್ನಾಗಿದೆ, ಆದರೆ ಒಂದು ತಕರಾರು. ಒಂದು ಊರು ಬೇರೆ ಎನ್ನಬೇಕಾದರೆ ಪಕ್ಕದಲ್ಲಿ ಇನ್ನೊಂದು ಊರನ್ನು ಇಟ್ಟು ನೋಡಬೇಕು. ಕೆರೆಗಳ ಸರಣಿ ಚೆನ್ನೈ ಸುತ್ತಮುತ್ತ ಧಾರಾಳವಾಗಿದೆ. ಹೈದರಾಬಾದಿನ ಹುಸೇನ್ ಸಾಗರ 16ನೆಯ ಶತಮಾನದ್ದು. ದೂರದ ನೀರು ಕುಡಿಯುವುದರಲ್ಲಿ ನಮ್ಮ ಮುಂಬೈ ನಿಮಗಿಂತ ಹಿರಿಯದು: 1860ರಲ್ಲಿ ವಿಹಾರ್ ಜಲಾಶಯ, 1892ರಲ್ಲಿ ತಾನ್ಸಾ, ಆಮೇಲೆ ವೈತರಣಾ ಮತ್ತು ಭಾತ್ಸಾ. ಆದ್ದರಿಂದ ‘ಸಾವಿರ ಕೆರೆಗಳ ಊರು’ ಎಂಬ ಹಳೆಯ ಘೋಷಣೆಯೊಂದಿಗೆ ಹೊರಟರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ನನಗೆ ಕಾಣುವ ನಿಜವಾದ ವ್ಯತ್ಯಾಸ ಬೇರೆ. ಮುಂಬೈಗೆ ಬರುವ ನೀರಿನ ಒಂದು ದೊಡ್ಡ ಪಾಲು ಎತ್ತರದಿಂದ ತಾನಾಗಿ ಇಳಿದು ಬರುತ್ತದೆ. ಬೆಂಗಳೂರಿಗೆ ಕಾವೇರಿ ಬೆಟ್ಟ ಹತ್ತಿ ಬರಬೇಕು. ಇಷ್ಟು ದೊಡ್ಡ ಊರು ತನ್ನ ಕುಡಿಯುವ ನೀರನ್ನು ಇಷ್ಟು ದೂರದಿಂದ, ಇಷ್ಟು ಎತ್ತರಕ್ಕೆ, ಪ್ರತಿ ಕ್ಷಣವೂ ವಿದ್ಯುತ್ ಸುರಿದು ಎತ್ತಿಕೊಂಡು ಬದುಕುವುದನ್ನು ನೀವು ಬರೆಯಬೇಕು.

ಏರಿಮೇಲಿನವ

ಈ ತಕರಾರು ನಮಗೆ ಬೇಕಾಗಿತ್ತು, ಧನ್ಯವಾದ. ನೀವು ಹೇಳಿದ್ದಕ್ಕೆ ಒಂದಿಷ್ಟು ವಿವರ ಸೇರಿಸುತ್ತೇನೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣವಾಗುವ ನೀರನ್ನು ಹಾರೋಹಳ್ಳಿ ಮತ್ತು ತಾತಗುಣಿಯಲ್ಲಿ ಮತ್ತೆ ಮತ್ತೆ ಮೇಲಕ್ಕೆ ಒತ್ತಿ ನಗರಕ್ಕೆ ತರುತ್ತಾರೆ. ದೂರ ಸುಮಾರು 100 ಕಿಲೋಮೀಟರ್, ಏರು ಸುಮಾರು 500 ಮೀಟರ್. ಮೊದಲ ಹಂತ 1974ರಲ್ಲಿ ಬಂದಿತು, ಐದನೆಯ ಹಂತ 2024ರ ಅಕ್ಟೋಬರಿನಲ್ಲಿ. ಅದಕ್ಕೆ ಮೊದಲು, 1890ರ ದಶಕದಲ್ಲಿ ಅರ್ಕಾವತಿಯ ಹೆಸರಘಟ್ಟ ಜಲಾಶಯ, 1933ರಲ್ಲಿ ಅದೇ ಅರ್ಕಾವತಿಯ ತಿಪ್ಪಗೊಂಡನಹಳ್ಳಿ. ಊರು ಬೆಳೆದಂತೆ ನೀರಿನ ಮೂಲ ದೂರ ಸರಿಯುತ್ತಲೇ ಹೋಗಿದೆ.

ಇನ್ನೊಂದು ಸಂಗತಿಯನ್ನು ಯಾರೂ ಒಟ್ಟಿಗೆ ಇಟ್ಟು ನೋಡಿದಂತೆ ಕಾಣುವುದಿಲ್ಲ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹೊತ್ತಿದ್ದು ಶಿವನಸಮುದ್ರದ ಶಕ್ತಿಯಿಂದ. ತೊರೆಕಾಡನಹಳ್ಳಿಗೆ ನೀರು ಬರುವುದೂ ಅದೇ ಶಿವನಸಮುದ್ರದ ಹತ್ತಿರದಿಂದ. ನದಿಯ ಒಂದೇ ತುಣುಕಿನಿಂದ ಈ ಊರು ಮೊದಲು ಬೆಳಕು ತಂದುಕೊಂಡಿತು, ಆಮೇಲೆ ನೀರು. ಅಲ್ಲಿಂದಲೇ ಒಂದು ಅಧ್ಯಾಯ ಬರೆಯಬಹುದು.

ಪೇಟೆಯವಳು

ಪಂಪು, ಪೈಪುಗಳ ಲೆಕ್ಕ ಇರಲಿ. ಆದರೆ ಪೇಟೆಯನ್ನು ಬಿಟ್ಟು ನೀರಿನ ಕಥೆ ಹೇಳಲು ಹೊರಟರೆ ನಾನು ಒಪ್ಪುವುದಿಲ್ಲ.

ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಪಕ್ಕದ ಟ್ಯಾಂಕ್ ಬಂಡ್ ರಸ್ತೆ ಆ ಕೆರೆಯ ಏರಿಯ ಗುರುತು. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ಸಂಪಂಗಿ ಕೆರೆಯ ನೀರಿನಿಂದ ತೋಟ ಮಾಡಿ ಊರಿಗೆ ಹೂವು, ಸೊಪ್ಪು, ತರಕಾರಿ ಕೊಟ್ಟವರು ತಿಗಳರು. ಚೈತ್ರ ಪೂರ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಕರಗ ಹೊರಡುತ್ತದಲ್ಲವೇ, ಅದರ ವಿಧಿಗಳಿಗೆ ಇಂದಿಗೂ ಸಂಪಂಗಿ ಕೆರೆಯ ಉಳಿದ ತುಣುಕು ಬೇಕು. ಕೆರೆ ಹೋಗಿ ಎಷ್ಟೋ ಕಾಲವಾಯಿತು, ಕೆರೆಯೊಡನೆ ಸಮುದಾಯಕ್ಕಿದ್ದ ಸಂಬಂಧ ಮಾತ್ರ ಹೋಗಿಲ್ಲ. ಆ ತುಣುಕು ಉಳಿದದ್ದೇ ಕರಗದ ಕಾರಣಕ್ಕೆ. ಮಾಟುಂಗದವರು ಕೇಳಿದ ಹೋಲಿಕೆಯ ಪರೀಕ್ಷೆಗೆ ಇದನ್ನೂ ಒಡ್ಡಿ: ಬತ್ತಿದ ಕೆರೆಯ ಅಂಗಳಕ್ಕೆ ಇಡೀ ಪೇಟೆ ವರ್ಷಕ್ಕೊಮ್ಮೆ ಮರಳಿ ಹೋಗುವ ಮಹಾನಗರ ಇನ್ನೊಂದು ಎಲ್ಲಿದೆ?

ಒಂದು ಕಟ್ಟುನಿಟ್ಟಿನ ಮಾತು. ಕರಗದ ರಾತ್ರಿ ಕ್ಯಾಮೆರಾ ಹಿಡಿದು ಬರುವವರು ಸಾವಿರಾರು. ಎಲ್ಲರಿಗೂ ಬೇಕಾಗಿರುವುದು ಮಲ್ಲಿಗೆಯ ಕರಗ, ಕತ್ತಿ ಹಿಡಿದ ವೀರಕುಮಾರರು, ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಕರಗ ಹೋಗುವ ಕ್ಷಣ. ಅದೇ ಚಿತ್ರ ಪ್ರತಿ ವರ್ಷ ಪತ್ರಿಕೆಯಲ್ಲಿ ಬರುತ್ತದೆ. ನೀವು ಬರುವುದಾದರೆ ಹಬ್ಬಕ್ಕೆ ತಿಂಗಳುಗಳ ಮೊದಲೇ ಬನ್ನಿ. ಮನೆಗಳಲ್ಲಿ ಕುಳಿತು ಮಾತನಾಡಿ. ಯಾವ ತೋಟ ಎಲ್ಲಿತ್ತು, ಯಾವ ಬಾವಿಯಲ್ಲಿ ಏತ ಇತ್ತು ಎಂದು ಅಜ್ಜಿಯರನ್ನು ಕೇಳಿ. ಗುಡಿಯವರು ಬೇಡವೆಂದ ವಿಧಿಯನ್ನು ಚಿತ್ರೀಕರಿಸಬೇಡಿ, ಅದನ್ನು ಪದಗಳಲ್ಲಿಯೂ ಬಿಡಿಸಿ ಹೇಳಬೇಡಿ. ಎಲ್ಲವನ್ನೂ ತೋರಿಸಿದರೆ ಮಾತ್ರ ದಾಖಲೆ ಎಂಬ ಹಠವನ್ನು ಬಿಟ್ಟು ಬನ್ನಿ.

ಧ್ವನಿಪೆಟ್ಟಿಗೆ

ನಾನು ಧ್ವನಿಮುದ್ರಣದ ಕೆಲಸ ಮಾಡುವವನು. ವಿಡಿಯೊ ಮಾಡುವವರು ಧ್ವನಿಯನ್ನು ಕೊನೆಗೆ ಸೇರಿಸುವ ಮಸಾಲೆ ಎಂದುಕೊಂಡಿರುತ್ತಾರೆ. ನಿಮ್ಮ ವಿಷಯದಲ್ಲಿ ಅದು ಮೊದಲು ಬರಬೇಕು, ಏಕೆಂದರೆ ಬೆಂಗಳೂರಿನ ನೀರು ಬಹುಮಟ್ಟಿಗೆ ಕಣ್ಣಿಗೆ ಬೀಳುವುದಿಲ್ಲ, ಕಿವಿಗೆ ಬೀಳುತ್ತದೆ. ಸರದಿಯ ದಿನ ಬೆಳಗಿನ ಜಾವ ನಲ್ಲಿಯಲ್ಲಿ ಮೊದಲು ಗಾಳಿ ಬುಸುಗುಟ್ಟುತ್ತದೆ, ಆಮೇಲೆ ಸಂಪಿಗೆ ನೀರು ಬೀಳುವ ಸದ್ದು, ಆಮೇಲೆ ಬೀದಿಯ ಮನೆಮನೆಯಲ್ಲೂ ಮೋಟಾರ್ ಶುರುವಾಗುತ್ತದೆ. ಮಲಗಿದ್ದಲ್ಲಿಂದಲೇ ಇವತ್ತು ಕಾವೇರಿ ಬಂದಿದೆಯೋ ಇಲ್ಲವೋ ಎಂದು ಹೇಳಬಲ್ಲವರು ಪ್ರತಿ ಬೀದಿಯಲ್ಲೂ ಇದ್ದಾರೆ. ವಾಲ್ವ್ ತಿರುಗಿಸುವವರು ಉದ್ದನೆಯ ಕಬ್ಬಿಣದ ಕೀಲಿಯನ್ನು ರಸ್ತೆಯಲ್ಲಿನ ಗುಂಡಿಗೆ ಇಳಿಸಿ ತಿರುಗಿಸುವಾಗ ಬರುವ ಕಿರುಗುಟ್ಟುವ ಸದ್ದು, ರಿವರ್ಸ್ ಬರುವ ಟ್ಯಾಂಕರಿನ ಸಂಗೀತ, ಕೊಳವೆಬಾವಿ ಕೊರೆಯುವ ಲಾರಿಯ ಗದ್ದಲ, ಇವೆಲ್ಲ ಬೇಕು.

ವಾಲ್ವ್ ತಿರುಗಿಸುವವರನ್ನು ದಯವಿಟ್ಟು ಮರೆಯಬೇಡಿ. ನೆಲದಡಿಯಲ್ಲಿ ಯಾವ ಪೈಪು ಎಲ್ಲಿ ತಿರುಗುತ್ತದೆ, ಯಾವ ಬೀದಿಯ ಕೊನೆಯ ಮನೆಗೆ ಒತ್ತಡ ಸಾಲುವುದಿಲ್ಲ ಎಂಬುದು ಅವರ ತಲೆಯಲ್ಲಿ ಇರುವಷ್ಟು ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ. ಹಿಂದೆ ಕೆರೆಯ ತೂಬು ತೆಗೆದು ಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿಯ ಕೆಲಸವನ್ನು ಇಂದು ಮಾಡುತ್ತಿರುವವರು ಇವರೇ. ನೀರುಗಂಟಿಗಳ ವಂಶದವರು ಇನ್ನೂ ಸಿಗುತ್ತಾರೆ. ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿ ಮುದ್ರಿಸಿಕೊಳ್ಳಿ: ಜಗಳ ಬಂದಾಗ ಯಾರಿಗೆ ಮೊದಲು ನೀರು ಬಿಡುತ್ತೀರಿ?

ಮುದ್ರಣದ ಕ್ರಮ: ಮೊಬೈಲ್ ಆದರೂ ಸಾಕು, ಆದರೆ ಸಂಕುಚಿತಗೊಳಿಸದ ಕಡತವಾಗಿ, 48 ಕಿಲೋಹರ್ಟ್ಸ್‌ನಲ್ಲಿ ಉಳಿಸಿ. ಮೈಕಿಗೆ ಗಾಳಿಗವಸು ಹಾಕಿ. ಸಂದರ್ಶನ ಮುಗಿದ ಮೇಲೆ ಅದೇ ಜಾಗದ ಮೌನವನ್ನು ಒಂದು ನಿಮಿಷ ಮುದ್ರಿಸಿ, ಸಂಕಲನದಲ್ಲಿ ಅದು ಜೀವ ಉಳಿಸುತ್ತದೆ. ಹಿನ್ನೆಲೆಗೆ ವೀಣೆ, ಕೊಳಲು ಯಾವುದನ್ನೂ ಹಾಕಬೇಡಿ.

ಶಾಸನಪ್ರಿಯ

ಕೆರೆಗಳ ಬಗ್ಗೆ ಬರೆಯುವವರೆಲ್ಲ 1537ರಿಂದ, ಕೆಂಪೇಗೌಡರಿಂದ ಆರಂಭಿಸುತ್ತಾರೆ. ಅವರು ಪೇಟೆ ಕಟ್ಟಿದರು, ಕೆರೆ ಕಟ್ಟಿಸಿದರು, ಅವರ ಹಿರಿಮೆ ದೊಡ್ಡದು. ಆದರೆ ನೀರಿನ ಕಥೆ ಅದಕ್ಕಿಂತ ಬಹಳ ಹಳೆಯದು. ಅಗರದ ಗಂಗರ ಕಾಲದ ಶಾಸನ ಕೆರೆಗಳಿಗೆ ತೂಬು ಇಡಿಸಿದ ವಿಷಯ ಹೇಳುತ್ತದೆ. ಬೇಗೂರಿನ ವೀರಗಲ್ಲು, ಸುಮಾರು ಕ್ರಿ.ಶ. 890ರದು, ‘ಬೆಂಗಳೂರು ಕಾಳಗ’ವನ್ನು ಹೆಸರಿಸುತ್ತದೆ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕಿದ ಕಿಟ್ಟಯ್ಯನ ವೀರಗಲ್ಲು ಅದಕ್ಕೂ ಹಿಂದಿನದು, ಗಂಗರ ಶ್ರೀಪುರುಷನ ಕಾಲದ್ದು, 8ನೆಯ ಶತಮಾನ.

ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಅದನ್ನು ಕೈಯಲ್ಲಿ ಹಿಡಿದು ಕಲ್ಲುಗಳನ್ನು ಹುಡುಕಿಕೊಂಡು ಹೋದರೆ ಹಲವು ಕಲ್ಲುಗಳು ಇಲ್ಲವೇ ಇಲ್ಲ. ರಸ್ತೆಗೆ, ಅಡಿಪಾಯಕ್ಕೆ ಸೇರಿಹೋಗಿವೆ. ಉಳಿದಿರುವ ಹಲವನ್ನು ಬೆಂಗಳೂರಿನ ಇತಿಹಾಸ ಸಂಶೋಧನಾ ಸಂಸ್ಥೆಯಾದ ಮಿಥಿಕ್ ಸೊಸೈಟಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಸಾರ್ವಜನಿಕರಿಗೆ ತೆರೆದಿಟ್ಟಿದೆ. ಸವೆದ ಅಕ್ಷರಗಳು ಬರಿಗಣ್ಣಿಗಿಂತ ಆ ಮಾದರಿಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಬಹುಮಾಧ್ಯಮ ಎಂದರೆ ಅಲಂಕಾರ ಎಂದುಕೊಂಡವರು ಇದನ್ನು ನೋಡಬೇಕು: ಇಲ್ಲಿ ತಂತ್ರಜ್ಞಾನ ಓದುವ ಕೆಲಸವನ್ನೇ ಮಾಡಿದೆ.

ನಿಮ್ಮ ತಂಡ ಮಾಡಬಹುದಾದ ಕೆಲಸ: ಪ್ರತಿ ಶಾಸನವನ್ನು ಅದೇ ಕಲ್ಲಿನ ಎದುರು ನಿಂತು, ಹಳಗನ್ನಡ ಬಲ್ಲವರಿಂದ ಗಟ್ಟಿಯಾಗಿ ಓದಿಸಿ ಮುದ್ರಿಸಿ, ಪಕ್ಕದಲ್ಲಿ ಇಂದಿನ ಕನ್ನಡದ ಸಾರ ಕೊಡಿ. ಅಗರದ ತೂಬಿನ ಶಾಸನವನ್ನು ಓದುವಾಗ ಹಿನ್ನೆಲೆಯಲ್ಲಿ ವರ್ತುಲ ರಸ್ತೆಯ ವಾಹನಗಳ ಸದ್ದು ಬಂದರೆ ಬರಲಿ, ಅಳಿಸಬೇಡಿ.

ನಕ್ಷೆಗಾರ

ಚುಟುಕಾಗಿ. ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಯ ಹಾಳೆಗಳಲ್ಲಿ ಬೆಂಗಳೂರು 57 ಜಿ/12 ಮತ್ತು 57 ಎಚ್/9ರಲ್ಲಿ ಹರಡಿದೆ. 1960ರ ದಶಕದ ಅಮೆರಿಕದ ಕೊರೋನಾ ಗೂಢಚಾರ ಉಪಗ್ರಹದ ಚಿತ್ರಗಳ ಗೌಪ್ಯತೆಯನ್ನು 1995ರಲ್ಲಿ ತೆಗೆದರು. ಆ ಎತ್ತರದಿಂದ ಕೆರೆ, ತೋಪು, ಗದ್ದೆ ಬಯಲು ಚೆನ್ನಾಗಿ ಕಾಣುತ್ತವೆ. ಸರ್ವೆ ನಂಬರಿಗೆ ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪ್ ಇದೆ. ಈಗ ಎಲ್ಲಿ ನಿಂತಿದ್ದೀರಿ, ಆ ಜಾಗ ಕಂದಾಯ ದಾಖಲೆಯಲ್ಲಿ ಕೆರೆಯೇ, ಕಾಲುವೆಯೇ, ಖರಾಬೇ (ಸಾಗುವಳಿಗೆ ಬಾರದ ಜಮೀನು) ಎಂದು ನಿಂತಲ್ಲೇ ನೋಡಬಹುದು. ಮೂರನ್ನೂ ಒಂದರ ಮೇಲೊಂದು ಹೊಂದಿಸಿ, ನಿಮ್ಮ ಧ್ವನಿ ಮತ್ತು ಚಿತ್ರಗಳನ್ನು ಅಕ್ಷಾಂಶ ರೇಖಾಂಶದೊಂದಿಗೆ ಅದರ ಮೇಲೆ ಕೂರಿಸಿ. ನಕ್ಷೆ ನಾನು ಮಾಡಿಕೊಡುತ್ತೇನೆ.

ಒಂದು ಎಚ್ಚರಿಕೆ: ಒತ್ತುವರಿ ಕಂಡ ತಕ್ಷಣ ಮನೆಯ ಚಿತ್ರ ಹಾಕಿ ಹೆಸರು ಬರೆಯಬೇಡಿ. ಆ ನಿವೇಶನವನ್ನು ಮೊದಲು ಮಾರಿದವರು ಯಾರೋ, ಸಾಲ ಮಾಡಿ ಕೊಂಡವರು ಯಾರೋ. ಕಡೆಗೆ ಬುಲ್ಡೋಜರಿನ ಎದುರು ನಿಲ್ಲುವುದು ಕೊಂಡವರೇ.

ವರ್ತೂರು ಹೋಬಳಿಯವಳು

ಇಲ್ಲಿಯವರೆಗಿನ ಮಾತೆಲ್ಲ ಹಳೆಯ ಊರಿನದು. 2015ರಿಂದೀಚೆಗೆ ಬೆಳ್ಳಂದೂರು ಕೆರೆಯ ನೊರೆಯನ್ನೂ ಅದರ ಬೆಂಕಿಯನ್ನೂ ಜಗತ್ತೇ ನೋಡಿತು. ಆ ಚಿತ್ರಗಳು ನಮ್ಮ ಭಾಗದ ಗುರುತಾಗಿಬಿಟ್ಟವು. ನೊರೆಯ ಇನ್ನೊಂದು ವಿಡಿಯೊ ಯಾರಿಗೂ ಬೇಕಾಗಿಲ್ಲ.

ಇಲ್ಲಿ ಬಿಟ್ಟುಹೋಗಿರುವುದು ಮನುಷ್ಯರ ದಾಖಲೆ. ಕೊಳವೆಬಾವಿ ಬತ್ತಿದ ಬೇಸಗೆಯಲ್ಲಿ ಯಾರು ಎಷ್ಟು ಗಂಟೆಗೆ ಎದ್ದರು? ಮಕ್ಕಳ ಸ್ನಾನ ಯಾವ ದಿನಕ್ಕೆ ಹೋಯಿತು? ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತೊಳೆಯಲು ಬರುವ ಹೆಂಗಸು ತನ್ನ ಶೆಡ್ಡಿನಲ್ಲಿ ಎಷ್ಟು ಕೊಡದಲ್ಲಿ ದಿನ ಕಳೆಯುತ್ತಾಳೆ? ರಾಯಚೂರು, ಕಲಬುರಗಿ, ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಬಂಗಾಳ, ಒಡಿಶಾದಿಂದ ಬಂದವರು ಇಲ್ಲಿ ಒಂದೇ ನಲ್ಲಿಯ ಮುಂದೆ ನಿಲ್ಲುತ್ತಾರೆ. ಅವರ ಮಾತನ್ನು ಅವರ ನುಡಿಯಲ್ಲೇ ಇಡಿ, ಕೆಳಗೆ ಕನ್ನಡದ ಸಾಲು ಕೊಡಿ. ಕಲಬುರಗಿಯ ಕನ್ನಡವನ್ನು ತಿದ್ದಿ ಬೆಂಗಳೂರಿನ ಕನ್ನಡ ಮಾಡಬೇಡಿ.

ಒಪ್ಪಿಗೆ ಕೇಳುವಾಗ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಸಾಲದು. ಮುದ್ರಿಸಿದ್ದನ್ನು ಅವರಿಗೇ ಕೇಳಿಸಿ, ಬೇಡವೆಂದರೆ ಅವರ ಎದುರೇ ಅಳಿಸಿ. ಬಾಡಿಗೆ ಮನೆಯವರು ಮಾಲೀಕರ ವಿರುದ್ಧ ಆಡಿದ ಒಂದು ಮಾತಿಗೆ ಮನೆ ಖಾಲಿ ಮಾಡಬೇಕಾಗಬಹುದು. ಆ ಅಪಾಯ ನಿಮ್ಮದಲ್ಲ, ಅವರದು.

ಕೋಲಾರದವನು

ನೀವೆಲ್ಲ ಬೆಂಗಳೂರಿಗೆ ನೀರು ಬರುವುದನ್ನು ಮಾತನಾಡುತ್ತಿದ್ದೀರಿ. ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಇಷ್ಟು ಉದ್ದದ ಚರ್ಚೆಯಲ್ಲಿ ಒಬ್ಬರೂ ಕೇಳಲಿಲ್ಲ.

2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರದ ಕೆರೆ. ಬರದಿಂದ ಬೆಂದ ನೆಲ ನಮ್ಮದು. ಕೆರೆಯಲ್ಲಿ ನೀರು ಕಂಡಾಗ ಜನರಿಗೆ ಆದ ಸಂತೋಷ ನಿಜವಾದದ್ದು. ಅಂತರ್ಜಲ ಏರಿತು, ಬತ್ತಿದ ಕೊಳವೆಬಾವಿಗಳಲ್ಲಿ ನೀರು ಬಂತು. ಅದರ ಜೊತೆಗೆ ಆತಂಕವೂ ಬಂತು. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತ ಬೇಕು ಎಂದು ಹೋರಾಟ ನಡೆಯಿತು, ವಿಷಯ ನ್ಯಾಯಾಲಯಕ್ಕೂ ಹೋಯಿತು. ನನ್ನ ಮನೆಯಲ್ಲಿಯೇ ಎರಡು ಅಭಿಪ್ರಾಯ ಇವೆ. ತೋಟ ನೋಡಿಕೊಳ್ಳುವ ಅಣ್ಣ ಈ ನೀರು ನಮ್ಮನ್ನು ಊರಲ್ಲೇ ಉಳಿಸಿತು ಎನ್ನುತ್ತಾನೆ. ಅಮ್ಮ ಬಾವಿಯ ನೀರನ್ನು ಕುಡಿಯಲು ಬಿಡುವುದಿಲ್ಲ.

ಮಳವಳ್ಳಿಯ ಬಳಿ ಕಾವೇರಿಯಿಂದ ಎತ್ತಿದ ನೀರು ದಿಣ್ಣೆ ಹತ್ತಿ, ಬೆಂಗಳೂರಿನ ಅಡುಗೆಮನೆ, ಬಚ್ಚಲುಗಳನ್ನು ದಾಟಿ, ಕೋಲಾರದ ರೈತರ ಟೊಮೆಟೊ ತೋಟದ ತನಕ ಬರುತ್ತದೆ. ಕಾವೇರಿ ಕಣಿವೆಯ ನೀರು ಪಿನಾಕಿನಿ ಮತ್ತು ಪಾಲಾರ್ ಕಣಿವೆಗಳ ನೆಲಕ್ಕೆ ಬರಲು ಒಂದು ಮಹಾನಗರ ದಾರಿಯಾಗಿದೆ. ಬೆಂಗಳೂರನ್ನು ಬೇರೆ ಮಾಡಿರುವುದು ಯಾವುದು ಎಂದು ಕೇಳಿದಿರಿ. ನನ್ನನ್ನು ಕೇಳಿದರೆ ಇದು. ನಿಮ್ಮ ನಕ್ಷೆ ನಗರದ ಗಡಿಯಲ್ಲಿ ನಿಂತರೆ ಅದು ಅರ್ಧ ನಕ್ಷೆ.

ಮಾಟುಂಗದ ಕನ್ನಡಿಗ

ಹೋಲಿಕೆಯ ಪ್ರಶ್ನೆ ಎತ್ತಿದವನು ನಾನೇ. ಕೋಲಾರದವರು ಹೇಳಿದ ಈ ದಾರಿಗೆ ಹೋಲುವ ಇನ್ನೊಂದು ಊರು ನನಗೆ ಹೊಳೆಯುತ್ತಿಲ್ಲ. ಮುಂಬೈ ತನ್ನ ಕೊಳಚೆಯನ್ನು ಬಹುಪಾಲು ಸಮುದ್ರದ ಕಡೆಗೆ ಬಿಡುತ್ತದೆ. ಅದನ್ನು ಪಡೆಯುವ ರೈತ ಅಲ್ಲಿ ಇಲ್ಲ.

ಪೇಟೆಯವಳು

ಒಪ್ಪುತ್ತೇನೆ. ಆದರೂ ಕಥೆ ತೊರೆಕಾಡನಹಳ್ಳಿಯ ಯಂತ್ರಗಳಿಂದ ಆರಂಭವಾಗುವುದು ನನಗೆ ಬೇಡ. ಸಂಪಂಗಿಯಿಂದ ಆರಂಭಿಸಿ. ಊರು ತನ್ನ ನೀರನ್ನು ತಾನೇ ಹಿಡಿದುಕೊಂಡು ಬದುಕುತ್ತಿತ್ತು ಎಂಬುದು ಮೊದಲು ಮನಸ್ಸಿಗೆ ಬರಬೇಕು. ಆಗ ಮಾತ್ರ ದೂರದ ನೀರಿನ ತೂಕ ತಿಳಿಯುತ್ತದೆ. ಕಬ್ಬನ್ ಪಾರ್ಕಿನ ಹಳೆಯ ತೆರೆದ ಬಾವಿಗಳ ಹೂಳೆತ್ತಿ ಮಣ್ಣು ವಡ್ಡರು ಮತ್ತೆ ನೀರು ಬರಿಸಿದ್ದನ್ನೂ ಅಲ್ಲೇ ಸೇರಿಸಿ. ಬಾವಿ ತೋಡುವ ಆ ಕೈಗಳ ವಿದ್ಯೆ ಇನ್ನೂ ಜೀವಂತವಾಗಿದೆ, ಅವರಿಗೆ ಕೆಲಸ ಕೊಡುವವರು ಬೇಕು.

ಏರಿಮೇಲಿನವ

ಎಲ್ಲಿಂದ ಆರಂಭ ಎಂಬುದನ್ನು ಈಗಲೇ ತೀರ್ಮಾನಿಸುವುದಿಲ್ಲ. ನಕ್ಷೆಯ ಮೇಲೆ ಎಲ್ಲವೂ ಇರುವುದರಿಂದ ಓದುಗರು ಮಳವಳ್ಳಿಯಿಂದಲೂ ಬರಬಹುದು, ಸಂಪಂಗಿಯಿಂದಲೂ ಬರಬಹುದು, ಲಕ್ಷ್ಮೀಸಾಗರದಿಂದಲೂ ಹಿಂದಕ್ಕೆ ನಡೆದು ಬರಬಹುದು. ಬರಹ ಮಾತ್ರ ಒಂದೇ ಕಡೆಯಿಂದ ಹೋಗಬೇಕಾಗುತ್ತದೆ, ಅಲ್ಲಿ ನಾನು ಪೇಟೆಯವರ ಕಡೆಗೆ ವಾಲುತ್ತಿದ್ದೇನೆ.

ಹಂಚಿಕೆ ಹೀಗಿರಲಿ. ಅಗರ, ಬೇಗೂರು, ಹೆಬ್ಬಾಳದ ಶಾಸನ ವಾಚನ ಶಾಸನಪ್ರಿಯರ ಹೊಣೆ. ವಾಲ್ವ್ ತಿರುಗಿಸುವವರ ಮತ್ತು ನೀರುಗಂಟಿಗಳ ಮಾತುಕತೆಗೆ ಧ್ವನಿಪೆಟ್ಟಿಗೆಯವರೊಡನೆ ನಮ್ಮ ತಂಡದ ಇಬ್ಬರು. ಪೂರ್ವದ ಬಡಾವಣೆಗಳಿಗೆ ವರ್ತೂರಿನವರು ಹೇಳಿದ ಒಪ್ಪಿಗೆಯ ಕ್ರಮವೇ ಎಲ್ಲ ಕಡೆಗೂ ನಿಯಮ. ಕಡತದ ಹೆಸರಿನಲ್ಲಿ ಊರು, ದಿನಾಂಕ, ಸಮಯ, ಮುದ್ರಿಸಿದವರ ಅಡ್ಡಹೆಸರು ಇರಲಿ. ಮಾತನಾಡಿದವರ ಹೆಸರು ಬೇಡ. ಮೂಲ ಕಡತಗಳ ಮೂರು ಪ್ರತಿ, ಒಂದು ಬೇರೆ ಊರಿನಲ್ಲಿ. ಒಪ್ಪಿಗೆ ಇರುವ ಚಿತ್ರ ಮತ್ತು ಧ್ವನಿ ವಿಕಿಮೀಡಿಯ ಕಾಮನ್ಸ್‌ಗೆ, ಕನ್ನಡ ವಿವರಣೆಯೊಂದಿಗೆ.

ಕೋಲಾರದವರೇ, ನಿಮ್ಮ ಅಣ್ಣ ಮತ್ತು ಅಮ್ಮ ಇಬ್ಬರೂ ಒಪ್ಪಿದರೆ ಅವರಿಬ್ಬರನ್ನು ಒಟ್ಟಿಗೆ ಕೂರಿಸಿ ಮುದ್ರಿಸಲು ಬರುತ್ತೇವೆ. ಬೇರೆ ಬೇರೆಯಾಗಿ ಮುದ್ರಿಸಿ ಆಮೇಲೆ ಜೋಡಿಸುವುದು ಬೇಡ.

ಕೋಲಾರದವನು

ಅಣ್ಣ ಒಪ್ಪಿದ್ದಾನೆ. ಅಮ್ಮ, ಬೆಂಗಳೂರಿನವರು ಬಂದರೆ ಮೊದಲು ಕೆರೆಗೆ ಕರೆದುಕೊಂಡು ಹೋಗು, ಅದನ್ನು ನೋಡಿದ ಮೇಲೆ ಮಾತನಾಡುತ್ತೇನೆ ಎಂದಿದ್ದಾರೆ. ಟೊಮೆಟೊ ಕೊಯ್ಲಿನ ವಾರ ಬಿಟ್ಟು ಯಾವಾಗ ಬೇಕಾದರೂ ಬನ್ನಿ. ಬೆಳಗ್ಗೆ ಬಂದರೆ ಒಳ್ಳೆಯದು, ಮಧ್ಯಾಹ್ನದ ಮೇಲೆ ಏರಿಯ ಮೇಲೆ ಗಾಳಿ ಜಾಸ್ತಿ, ಮೈಕಿಗೆ ತೊಂದರೆಯಾಗುತ್ತದೆ.